ರಾಚಪ್ಪ ಮಾಸ್ತರರು ಹುಡುಕಿದ ಫರಕು

ಯಾರಾದರೂ ಒಂದು ಮಾತನ್ನು ಇದು ಹೀಗೇ ಎಂದು ಗಟ್ಟಿಯಾಗಿ ಹೇಳಿಬಿಟ್ಟರೆ ಸಾಕು, ರಾಚಪ್ಪ ಮಾಸ್ತರರು ತಲೆಯ ಮೇಲಿನ ಕರಿ ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಟೊಪ್ಪಿಗೆ ಕೆಳಗಿಳಿಯಿತೆಂದರೆ ಇನ್ನು ನಮಗೆ ಬಿಡುಗಡೆಯಿಲ್ಲ. “ಹಂಗ ಅಂತ ಯಾರು ನೋಡ್ಯಾರ್ರಿ?” ಎಂದು ಶುರುವಾಗುತ್ತಿತ್ತು. ಮಜ್ಜಿಗೆ ಕುಡಿದು ಬಿಸಿಲಿಗೆ ಹೋದರೆ ನೆಗಡಿ ಬರುತ್ತದೆ ಎಂದರೂ ಅದೇ ಪ್ರಶ್ನೆ, ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ ಎಂದರೂ ಅದೇ ಪ್ರಶ್ನೆ. ಬರೀ ಕೇಳಿ ಸುಮ್ಮನಾಗುವ ಆಸಾಮಿಯೂ ಅಲ್ಲ. “ಮಾಡಿ ನೋಡೋಣು. ಅರ್ಧಾ ಹಿಂಗ, ಅರ್ಧಾ ಹಂಗ. ಫರಕ ಇದ್ರ ತಾನ ಕಾಣತೈತಿ” ಎನ್ನುವರು.

ಉತ್ತರ ದಿಕ್ಕಿಗೆ ತಲೆ ಇಟ್ಟು ಮಲಗಬಾರದು ಎಂದು ಅವರ ಹೆಂಡತಿ ನೀಲವ್ವ ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಒಂದು ತಿಂಗಳು ಉತ್ತರಕ್ಕೆ, ಒಂದು ತಿಂಗಳು ದಕ್ಷಿಣಕ್ಕೆ ತಲೆ ಇಟ್ಟು ಮಲಗಿದರಂತೆ. ಏನಾದರೂ ಫರಕು ಕಂಡಿತೇ ಎಂದು ನಾನು ಕೇಳಿದಾಗ ನೀಲವ್ವನೇ ಉತ್ತರ ಕೊಟ್ಟಳು: “ಎರಡೂ ದಿಕ್ಕಿನ್ಯಾಗ ಗೊರಕಿ ಒಂದ ನಮೂನಿ ಐತಿ ನೋಡ್ರಿ, ಅಕ್ಕೋರ.” ಮಾಸ್ತರರು ಬಿದ್ದು ಬಿದ್ದು ನಕ್ಕರು. ತಮ್ಮನ್ನೇ ಹಾಸ್ಯ ಮಾಡಿದರೆ ಅವರಷ್ಟು ಖುಷಿಪಡುವವರನ್ನು ನಾನು ಕಂಡಿಲ್ಲ.

ನಾನು ಹಾನಗಲ್ಲಿನವಳು. ಟ್ರೇನಿಂಗ್ ಮುಗಿಸಿ ಮೊದಲ ನೌಕರಿಗೆಂದು ಹೋದದ್ದು ಸವಣೂರು ತಾಲೂಕಿನ ಒಂದು ಸಣ್ಣ ಊರಿಗೆ. ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಹತ್ತಿಮತ್ತೂರಿನ ಕಡೆಗೆ ಚಕ್ಕಡಿಯಲ್ಲಿ ಹೋಗಬೇಕಿತ್ತು. ಊರಿನ ಹೆಸರು ಹೇಳುವುದಿಲ್ಲ. ಆ ಊರವರು ಈಗಲೂ ನನ್ನನ್ನು ಮದುವೆ ಮುಂಜಿಗೆ ಕರೆಯುತ್ತಾರೆ, ಸುಮ್ಮನೆ ಜಗಳವೇಕೆ? ಮುಂಬೈ ಸರಕಾರದ ಶಾಲೆಗಳು ಮೈಸೂರು ಸರಕಾರದ ಕೈಗೆ ಬಂದ ಹೊಸತು ಅದು. ಧಾರವಾಡದಿಂದ ದಿನಕ್ಕೊಂದು ಹೊಸ ಪದ್ಧತಿಯ ಸುದ್ದಿ ಬರುತ್ತಿತ್ತು. ನಮ್ಮ ಶಾಲೆಗೆ ಇದ್ದದ್ದು ಎರಡು ಖೋಲಿ, ಇಬ್ಬರು ಶಿಕ್ಷಕರು. ದುಂಡಸಿಯ ರಾಚಪ್ಪ ಮಾಸ್ತರರು ಹಿರಿಯರು, ನಾನು ಕಿರಿಯಳು. ಬಾಯಿ ಮಾತ್ರ ನನ್ನದೇ ದೊಡ್ಡದು.

ಹೋದ ಒಂದು ವಾರಕ್ಕೇ ನಮ್ಮಿಬ್ಬರಿಗೂ ಜಗಳವಾಯಿತು. ಛಡಿ ಏಟು ಇಲ್ಲದೆ ಮಕ್ಕಳಿಗೆ ಮಗ್ಗಿ ಬಾಯಿಪಾಠ ಬರುತ್ತದೋ ಇಲ್ಲವೋ ಎಂಬುದು ಆಗ ಅವರು ಹಿಡಿದಿದ್ದ ಪ್ರಯೋಗ. ತಮ್ಮ ಖೋಲಿಯಲ್ಲಿ ಛಡಿ ಮುಟ್ಟುವುದಿಲ್ಲ ಎಂದರು. ಒಳ್ಳೆಯದೇ ಆಯಿತು ಎಂದೆ. ಆಮೇಲೆ ಒಂದು ಹೊಸ ಛಡಿ ತಂದು ನನ್ನ ಮೇಜಿನ ಮೇಲೆ ಇಟ್ಟು, “ಅಕ್ಕೋರ, ನೀವು ಮಾತ್ರ ಮೊದಲಿನ ಹಂಗ ಬಡೀರಿ. ನೀವು ಬಡೀಲಿಲ್ಲಂದ್ರ ನನಗ ಫರಕ ತಿಳಿಯೂದಿಲ್ಲ” ಎಂದರು.

“ಫರಕ ನಿಮಗ ಬೇಕಾಗೈತಿ, ರಾಕ್ಷಸಿ ನಾ ಯಾಕ ಆಗ್ಲಿರಿ?” ಎಂದು ನಾನು ಛಡಿಯನ್ನು ಮುರಿದು ಕಿಟಕಿಯಿಂದ ಎಸೆದೆ. ಅವರ ಮುಖ ಸಪ್ಪಗಾಯಿತು. ಒಂದು ತಾಸು ಬಿಟ್ಟು ಬಂದು, “ಇದನ್ನ ನಾ ವಿಚಾರ ಮಾಡಿದ್ದಿಲ್ಲ ನೋಡ್ರಿ. ಅರ್ಧಾ ಮಂದೀಗೆ ಛಲೋ ಆಗೂದು ನೋಡಬೇಕಂದ್ರ ಅರ್ಧಾ ಮಂದಿ ಕೆಟ್ಟದ್ದು ಉಣ್ಣಬೇಕಾಗತೈತಿ” ಎಂದರು. ಆ ಮಾತು ಅವರ ತಲೆಯಿಂದ ಆಮೇಲೆ ಎಂದೂ ಹೋಗಿರಲಾರದು. ಆದರೂ ಉಂಡಿಯ ಪ್ರಯೋಗಕ್ಕೆ ಇಳಿದರಲ್ಲ, ಅದೇ ನನಗೆ ಇವತ್ತಿಗೂ ಆಶ್ಚರ್ಯ.

ಅದು ಆದದ್ದು ಹೀಗೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಪಾಠ ಎನ್ನುವುದು ಹೆಸರಿಗಷ್ಟೇ. ಹೊಲದ ಕೂಲಿಗೆ ಹೋಗುವವರ ಮಕ್ಕಳು ಬೆಳಿಗ್ಗೆ ಒಂದು ತುಂಡು ರೊಟ್ಟಿ ತಿಂದು ಬಂದರೆ ಮತ್ತೆ ಒಲೆ ಹೊತ್ತುವುದು ಸಂಜೆಗೇ. ಬಿಸಿಲೇರಿದಂತೆ ಒಂದೊಂದೇ ತಲೆ ಬರೆಯುವ ಪಾಟಿಯ ಮೇಲೆ ಒರಗುತ್ತಿತ್ತು. ಪಂಚಾಯತಿಯ ಹಿರಿಯರೊಬ್ಬರು ಬಂದು ನೋಡಿ, “ಇವರ ತಲಿಗೆ ವಿದ್ಯಾ ಹತ್ತೂದಿಲ್ಲ ಬಿಡ್ರಿ ಮಾಸ್ತರ” ಎಂದರು. ಟೊಪ್ಪಿಗೆ ಕೆಳಗಿಳಿಯಿತು. “ತಲಿಗೆ ಹತ್ತೂದಿಲ್ಲೋ, ಹೊಟ್ಟ್ಯಾಗ ಏನೂ ಇಲ್ಲೋ? ಯಾರು ನೋಡ್ಯಾರ್ರಿ?”

ಮಾಸ್ತರರು ಧಾರವಾಡದ ಕಚೇರಿಗೆ ಹೋಗಿ ಒಬ್ಬ ಸಾಹೇಬರನ್ನು ಹಿಡಿದರು. ಶಿಕ್ಷಣದಲ್ಲಿ ಹೊಸ ಪ್ರಯೋಗ ಮಾಡುವವರಿಗೆ ನೆರವು ಕೊಡುವುದು, ಫಲವನ್ನು ಮೇಲಿನವರಿಗೆ ವರದಿ ಮಾಡುವುದು ಆ ಸಾಹೇಬರ ಕೆಲಸ. ಕರಾರು ಸ್ಪಷ್ಟವಾಗಿತ್ತು. ಶಾಲೆಯ ಅರ್ಧ ಮಕ್ಕಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದು ಶೇಂಗಾ ಉಂಡಿ, ಉಳಿದರ್ಧಕ್ಕೆ ಇಲ್ಲ. ವರ್ಷದ ಕೊನೆಗೆ ಎರಡೂ ಗುಂಪಿನ ತೂಕ ನೋಡಬೇಕು, ಮಧ್ಯಾಹ್ನದ ಮೇಲೆ ಮಕ್ಕಳು ಲೆಕ್ಕ ಹೇಗೆ ಬಿಡಿಸುತ್ತಾರೆ ನೋಡಬೇಕು. ಫರಕು ಕಂಡರೆ ಮುಂದಿನ ವರ್ಷದಿಂದ ಇಡೀ ಶಾಲೆಗೆ, ಸುತ್ತಲಿನ ಊರುಗಳ ಶಾಲೆಗಳಿಗೂ ಉಂಡಿ. ಕಾಣದಿದ್ದರೆ ಅಲ್ಲಿಗೇ ಮುಗಿಯಿತು.

ಶೇಂಗಾ ಬೆಲ್ಲದ ಚೀಲಗಳು ಬಂದವು. ನೀಲವ್ವ ಹುರಿದು, ಕುಟ್ಟಿ, ಉಂಡಿ ಕಟ್ಟುವ ದಿವಸ ಇಡೀ ಓಣಿಗೆ ಘಮ ಹಿಡಿಯುತ್ತಿತ್ತು. ಹಾಜರಿಯಲ್ಲಿ ಹೆಸರು ಬಂದ ಹಾಗೆ ಒಬ್ಬರನ್ನು ಬಿಟ್ಟು ಒಬ್ಬರನ್ನು ಆರಿಸಿದ್ದಾಯಿತು. ಗೌಡರ ಮೊಮ್ಮಗ ಹೊರಗೆ ಉಳಿದದ್ದಕ್ಕೆ ಗೌಡರು ಹೇಳಿ ಕಳಿಸಿದರು. ಮಾಸ್ತರರು ಜಗ್ಗಲಿಲ್ಲ. ಆದರೆ ಮರುದಿನ ಫಕೀರವ್ವ ಬಂದಳು. ಗಂಡ ತೀರಿಕೊಂಡಿದ್ದ ಕೂಲಿ ಹೆಂಗಸು. ಮೂರನೇ ಯತ್ತೆಯಲ್ಲಿದ್ದ ಮಗಳು ಗಂಗವ್ವನಿಗೆ ಉಂಡಿ ಬಂದಿತ್ತು, ಎರಡನೇ ಯತ್ತೆಯ ಮಗ ಬಸ್ಯಾನಿಗೆ ಬಂದಿರಲಿಲ್ಲ.

“ಮಾಸ್ತರ್ರೀ, ಇಬ್ರೂ ನನ್ನ ಹೊಟ್ಟ್ಯಾಗ ಹುಟ್ಯಾರು. ಒಬ್ಬಾಕಿಗೆ ಕೊಟ್ಟು ಒಬ್ಬಗ ಇಲ್ಲಂದ್ರ ಹ್ಯಾಂಗ್ರಿ?”

“ಒಂದು ವರ್ಷ ತಡಿ ಯವ್ವಾ. ಫರಕ ಕಂಡ್ರ ಮುಂದ ಎಲ್ಲಾರಿಗೂ ಸಿಗತೈತಿ. ನಿನ್ನ ಬಸ್ಯಾಗೂ.”

“ಕಾಣಲಿಲ್ಲಂದ್ರ?”

“ಕಾಣತೈತಿ” ಎಂದರು ಮಾಸ್ತರರು.

ಫಕೀರವ್ವ ಹೋದ ಮೇಲೆ ನಾನು ಬಿಡಲಿಲ್ಲ. “ಯಾರು ನೋಡ್ಯಾರ್ರಿ ಮಾಸ್ತರ?” ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಟೊಪ್ಪಿಗೆಯನ್ನು ಗಟ್ಟಿಯಾಗಿ ತಲೆಗೆ ಒತ್ತಿಕೊಂಡು ಎದ್ದು ಹೋದರು.

ಮಳೆಗಾಲ ಮುಗಿಯಿತು, ಚಳಿ ಬಂತು. ಊರಿನ ಹತ್ತಿ ವ್ಯಾಪಾರಿಯ ದೊಡ್ಡ ತಕ್ಕಡಿಯನ್ನು ಶಾಲೆಯ ತೊಲೆಗೆ ಕಟ್ಟಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಿದ್ದೆವು. ತಕ್ಕಡಿಯ ಪರಡಿಯಲ್ಲಿ ಕೂತ ಹುಡುಗರು ಕಿಸಿಕಿಸಿ ನಕ್ಕರೆ ಮುಳ್ಳು ನಿಲ್ಲುತ್ತಿರಲಿಲ್ಲ. ಮಕ್ಕಳು ಮೈ ತುಂಬಿಕೊಂಡಿದ್ದರು. ಮಧ್ಯಾಹ್ನ ತಲೆ ಒರಗುವುದು ಕಡಿಮೆಯಾಗಿತ್ತು. ಆದರೆ ಎರಡೂ ಗುಂಪಿನಲ್ಲಿ! ಉಂಡಿ ತಿಂದವರು ಎಷ್ಟು ಏರಿದ್ದರೋ ತಿನ್ನದವರೂ ಹೆಚ್ಚು ಕಡಿಮೆ ಅಷ್ಟೇ ಏರಿದ್ದರು. ಮಾಸ್ತರರು ತಕ್ಕಡಿಯನ್ನು ಬಿಚ್ಚಿ ಕಟ್ಟಿದರು, ಕಲ್ಲು ಬದಲಿಸಿದರು, ಹುಡುಗರ ಕಿಸೆ ತಡವಿದರು. ಸಂಕ್ರಾಂತಿ ಮುಗಿದೊಡನೆ ಬರುವುದಾಗಿ ಸಾಹೇಬರಿಂದ ಸುದ್ದಿ ಬಂದಿತ್ತು. ಊಟ ಸೇರದೆ ಒಣಗಿದ ಮಾಸ್ತರರನ್ನು ನೋಡಿ, ತೂಕ ಇಳಿದದ್ದು ಇವರೊಬ್ಬರದೇ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಕಾರಣ ಸಿಕ್ಕಿದ್ದು ನನ್ನ ಕಣ್ಣಿಗೆ. ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಗೋಡೆಯ ಕಡೆ ಹೋದರೆ ಮಕ್ಕಳು ಇಬ್ಬಿಬ್ಬರಾಗಿ ಕೂತಿದ್ದಾರೆ. ಗಂಗವ್ವ ಉಂಡಿಯನ್ನು ಅಂಗಿಯ ತುದಿಯಲ್ಲಿ ಸುತ್ತಿ, ಹಲ್ಲಿನಿಂದ ಕಚ್ಚಿ ಒಡೆದು, ಅರ್ಧವನ್ನು ಬಸ್ಯಾನ ಕೈಗೆ ಹಾಕುತ್ತಿದ್ದಳು. ಗೌಡರ ಮೊಮ್ಮಗನಿಗೂ ಯಾರೋ ಕೊಟ್ಟಿದ್ದರು.

“ಯಾಕವಾ, ಇದು ನಿನಗ ಕೊಟ್ಟದ್ದಲ್ಲೇನು?” ಎಂದೆ.

“ಅವ ನೋಡಾಕತ್ತಿದ್ದನ್ರಿ ಅಕ್ಕೋರ. ನೋಡೋರಿಗೆ ಕೊಡದ ತಿಂದ್ರ ನೆದರ ಆಗತೈತ್ರಿ. ಹೊಟ್ಟಿ ಕಡೀತೈತ್ರಿ.”

ಅಯ್ಯೋ ನನ್ನ ಶಿವನೇ! ನೆದರು, ದೃಷ್ಟಿ ತಾಗುವುದು ಎಂದರೆ ನಮ್ಮ ಸೀಮೆಯಲ್ಲಿ ಹೆದರದವರು ಯಾರು? ಒಬ್ಬರು ನೋಡುತ್ತಿರುವಾಗ ಒಬ್ಬರೇ ತಿನ್ನಬಾರದೆಂದು ತೊಟ್ಟಿಲಲ್ಲೇ ಕಲಿಸಿರುತ್ತೇವೆ. ನಾನೂ ಹಾಗೇ ಬೆಳೆದವಳು, ಮಾಸ್ತರರೂ ಹಾಗೇ ಬೆಳೆದವರು. ಧಾರವಾಡದಲ್ಲಿ ಕೂತು ಶಾಲೆಯನ್ನು ಅರ್ಧ ಮಾಡುವಾಗ ಇದೊಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಾನು ನಗುತ್ತಲೇ ಹೋಗಿ ಮಾಸ್ತರರಿಗೆ ಹೇಳಿದೆ. ಅವರು ಗೋಡೆಗೆ ಒರಗಿ ಕುಳಿತುಬಿಟ್ಟರು.

ಮರುದಿನ ಬಿಡುವಿನ ಹೊತ್ತಿಗೆ ಉಂಡಿಯ ಮಕ್ಕಳನ್ನೆಲ್ಲ ಒಂದು ಖೋಲಿಯಲ್ಲಿ ಕೂಡಿಸಿ ಬಾಗಿಲು ಹಾಕಿದರು. ಎಲ್ಲರ ಕೈಗೂ ಉಂಡಿ ಕೊಟ್ಟರು. “ತಿನ್ರಿ” ಎಂದರು. ಯಾರೂ ತಿನ್ನಲಿಲ್ಲ. ಹೊರಗೆ ಆಡುವ ಸದ್ದಿರಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಸಣ್ಣ ಸಣ್ಣ ಪಾದಗಳು ಕಾಣುತ್ತಿದ್ದವು.

“ಗಂಗವ್ವಾ, ತಿನ್ನವಾ.”

“ಬಸ್ಯಾ ಹೊರಗ ಅದಾನ್ರಿ.”

“ಬಾಗಲಾ ಹಾಕೇನಲ್ಲ, ಅವ ನಿನ್ನ ನೋಡೂದಿಲ್ಲ.”

“ನನಗ ಅವ ಕಾಣಾಕತ್ತಾನ್ರಿ” ಎಂದಳು ಹುಡುಗಿ, ಮುಚ್ಚಿದ ಬಾಗಿಲನ್ನೇ ನೋಡುತ್ತಾ.

ಮಾಸ್ತರರು ಎದ್ದು ಹೋಗಿ ಅಗಳಿ ತೆಗೆದರು. ಹಾಗೆ ತೆಗೆದದ್ದಕ್ಕೆ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಹೋಗಿಲ್ಲ, ಮುಂದೆ ಏನೇ ಆಗಿರಲಿ.

ಸಾಹೇಬರು ಬಂದರು. ಕೆಟ್ಟವರೇನಲ್ಲ, ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮಾತಾಡಿಸುವ ಮನುಷ್ಯ. ಮಾಸ್ತರರು ನಡೆದದ್ದನ್ನು ನಡೆದ ಹಾಗೇ ಹೇಳಿದರು. ಎರಡೂ ಗುಂಪು ಮೈ ತುಂಬಿಕೊಂಡದ್ದೇ ಉಂಡಿಯ ಗುಣಕ್ಕೆ ಸಾಕ್ಷಿ ಅಲ್ಲವೇ ಎಂದು ಕೇಳಿದರು. ಸಾಹೇಬರು ತಲೆ ಅಲ್ಲಾಡಿಸಿದರು.

“ಈ ವರ್ಷ ಬೆಳಿ ಛಲೋ ಬಂದೈತಿ, ಅದಕ್ಕ ಮೈ ತುಂಬ್ಯಾರ ಅಂದ್ರ ನೀವೇನಂತೀರಿ ಮಾಸ್ತರ? ನಾ ಮ್ಯಾಲಿನವರಿಗೆ ಏನಂತ ಬರೀಲಿ? ಯುಗಾದಿ ಒಳಗ ಮತ್ತೊಮ್ಮೆ ಬರ್ತೇನಿ. ಈ ಎರಡು ತಿಂಗಳರ ಬಿಗಿಯಾಗಿ ನಡಸ್ರಿ. ಫರಕ ಕಂಡ್ರ ಎಲ್ಲಾರಿಗೂ ಉಂಡಿ, ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ.”

ತೂಕ ನೋಡಲು ಬಂದ ತಾಯಂದಿರು ಅಂಗಳದಲ್ಲಿ ನಿಂತು ಇದನ್ನೆಲ್ಲ ಕೇಳಿದರು. ಅಂದು ಸಂಜೆ ಫಕೀರವ್ವ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಮಾಸ್ತರರ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ.

“ಮಾಸ್ತರ್ರೀ, ಉಂಡಿ ಇಲ್ಲದ ಹುಡುಗೂರನ್ನ ಮಧ್ಯಾಹ್ನಾಗೂದ ತಡ ಹತ್ತಿ ಬಿಡಸಾಕ ಕರ್ಕೊಂಡ ಹೋಗ್ತೇವ್ರಿ. ನೋಡೋ ಕಣ್ಣ ಇಲ್ಲಂದ್ರ ತಿನ್ನೋರಿಗೆ ನೆದರ ಎಲ್ಲೀದು? ಅರ್ಧಾ ಯಾರಿಗೆ ಕೊಡ್ತಾರ? ಎರಡು ತಿಂಗಳ ಹೋದ್ರ ಎಲ್ಲಾರಿಗೂ ಸಿಗತೈತಲ್ರಿ?”

ನಾನೇ ನಡುವೆ ಬಿದ್ದೆ. “ಬ್ಯಾಡ ಅನ್ರಿ ಮಾಸ್ತರ! ಸಾಲಿ ಬಿಡಿಸಿ ಮಾಡೋ ಸಂಶೋಧನಾ ಯಾವ ಸುಡಗಾಡಿಗೆ ಬಂತ್ರಿ?”

“ಬ್ಯಾಡಂದ್ರ ಮುಂದಿನ ವರ್ಷ ಬರೋ ಹುಡುಗೂರಿಗೆ ನಾ ಏನ ಹೇಳ್ಲಿ, ಅಕ್ಕೋರ? ಸುತ್ತಲಿನ ಊರಿನವರಿಗೆ?”

ಉತ್ತರವಿಲ್ಲದಿದ್ದಾಗ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ. ಮಾಸ್ತರರು ಹೂಂ ಎಂದರೋ ಸುಮ್ಮನೇ ಇದ್ದರೋ ನನಗೆ ತಿಳಿಯದು. ಮರುದಿನದಿಂದ ಮಧ್ಯಾಹ್ನವಾಗುತ್ತಲೇ ಅರ್ಧ ಶಾಲೆ ಬರಿದಾಗತೊಡಗಿತು.

ಆ ಎರಡು ತಿಂಗಳು ನಾವಿಬ್ಬರೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆವು. ಒಳಗಿನ ಮಕ್ಕಳು ಉಂಡಿಯನ್ನು ತಾವೇ ಪೂರಾ ತಿಂದರು. ಹತ್ತಿಯ ಹೊಲಕ್ಕೆ ಹೋದವರು ಬೆಳಿಗ್ಗೆ ಬರುವಾಗ ಬೆರಳ ತುದಿಗೆಲ್ಲ ಗೀರು. ಒಣಗಿದ ಹತ್ತಿಕಾಯಿಯ ಸಿಪ್ಪೆ ಚೂರಿಯಂತೆ ಇರುತ್ತದೆ. ಬಳಪ ಹಿಡಿಯುವಾಗ ಬಸ್ಯಾ ಬೆರಳು ಊದಿಕೊಳ್ಳುತ್ತಿದ್ದ. ಮಾಸ್ತರರು ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಒಬ್ಬೊಬ್ಬರ ಕೈಗೂ ಸವರುತ್ತಿದ್ದರು. ಕಣ್ಣೆತ್ತಿ ನನ್ನ ಕಡೆ ನೋಡುತ್ತಿರಲಿಲ್ಲ.

ಯುಗಾದಿಗೆ ಮೊದಲು ಸಾಹೇಬರು ಮತ್ತೆ ಬಂದರು. ತಕ್ಕಡಿ ಕಟ್ಟಿದೆವು. ಈ ಸಲ ಫರಕು ಹುಡುಕಬೇಕಾಗಿಯೇ ಇರಲಿಲ್ಲ. ತಕ್ಕಡಿ ಇಲ್ಲದೆಯೂ ಬರಿಗಣ್ಣಿಗೆ ಕಾಣುತ್ತಿತ್ತು. ಲೆಕ್ಕದಲ್ಲೂ ಅಷ್ಟೇ. ಸಾಹೇಬರ ಮುಖ ಅರಳಿತು. ಆದರೆ ದಿನಾ ಆ ಮಕ್ಕಳ ಜೊತೆ ಇದ್ದ ನನಗೂ ಮಾಸ್ತರರಿಗೂ ಬೇರೆಯೇ ಕಂಡಿತ್ತು. ಉಂಡಿ ತಿಂದವರು ಸಂಕ್ರಾಂತಿಗೆ ಇದ್ದದ್ದಕ್ಕಿಂತ ಅಂಥದ್ದೇನೂ ಏರಿರಲಿಲ್ಲ. ತಿನ್ನದವರು ಬಿಸಿಲಲ್ಲಿ ದುಡಿದು ಇಳಿದಿದ್ದರು. ಈ ಫರಕನ್ನು ಮಾಡಿದ್ದು ಉಂಡಿಗಿಂತ ಹೆಚ್ಚಾಗಿ ಹತ್ತಿಯ ಹೊಲ.

“ನೋಡ್ರಿ ಮಾಸ್ತರ! ಇದು ಉಂಡೀದ ಗುಣ ಹೌದಲ್ಲೋ? ಬ್ಯಾರೆ ಏನೂ ಕಾರಣ ಇಲ್ಲಲ್ಲ?” ಎಂದರು ಸಾಹೇಬರು. ಮಧ್ಯಾಹ್ನದ ಹೊಲಗೆಲಸದ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ.

ಮಾಸ್ತರರು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟರು. ಈ ಮನುಷ್ಯ ಈಗ ಬಾಯಿ ಬಿಟ್ಟರೆ ಎಲ್ಲ ಮುಗಿಯಿತು, ಬಿಡದಿದ್ದರೆ ಈ ಮನುಷ್ಯನೇ ಮುಗಿದ. ಅಂಗಳದ ಗೋಡೆಗೆ ಆತು ಫಕೀರವ್ವ ಬಸ್ಯಾನ ಭುಜ ಹಿಡಿದುಕೊಂಡು ನಿಂತಿದ್ದಳು. ಮಾಸ್ತರರು ಅವಳ ಕಡೆ ನೋಡಿದರು, ಹುಡುಗನ ಕಡೆ ನೋಡಿದರು.

“ಹೌದ್ರಿ ಸಾಹೇಬ್ರ. ಉಂಡೀದ ಗುಣ” ಎಂದರು.

ಜೂನ್ ತಿಂಗಳಿಗೆ ಇಡೀ ಶಾಲೆಗೆ ಸಾಕಾಗುವಷ್ಟು ಚೀಲಗಳು ಬಂದವು. ಸುತ್ತಲಿನ ಊರುಗಳಿಗೂ ಹೋದವು. ಮಧ್ಯಾಹ್ನ ಶಾಲೆಯ ಅಂಗಳದ ತುಂಬ ಮಕ್ಕಳು ಸಾಲಾಗಿ ಕೂತು ಉಂಡಿ ತಿನ್ನುವುದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಹೊಲಕ್ಕೆ ಹೋಗಿದ್ದವರಲ್ಲಿ ಎಲ್ಲರೂ ಮರಳಿ ಬಂದಿದ್ದರು, ಬಸ್ಯಾ ಒಬ್ಬ ಬಂದಿರಲಿಲ್ಲ. ಒಂದು ವಾರ ಕಾದು ನಾನೂ ಮಾಸ್ತರರೂ ಫಕೀರವ್ವನ ಮನೆಗೆ ಹೋದೆವು. ಅವಳು ಕಂಬಳಿ ಹಾಸಿ ಕೂಡಿಸಿದಳು.

“ಹುಡುಗ ಚುರುಕ ಅದಾನ ಅಂತ ಹೊಲದ ಧಣ್ಯಾರು ಎಮ್ಮಿ ಕಾಯಾಕ ಇಟ್ಕೊಂಡಾರ್ರಿ. ಅವ ಹತ್ತಿ ಬಿಡಸೂದು ಧಣ್ಯಾರು ನೋಡಿದ್ರಲ್ಲ, ಅವಾಗಿಂದ ಅವ ಬೇಕಂತ ಹಟಾ ಹಿಡಿದ್ರು. ನನಗೂ ಒಬ್ಬಾಕಿಗೆ ಸಂಸಾರ ನೀಗವಲ್ದು.”

“ಯವ್ವಾ, ನಾ ಧಣ್ಯಾರ ಕೂಡ ಮಾತಾಡ್ತೇನಿ. ಅವನ್ನ ಸಾಲಿಗೆ ಕಳಸು.”

“ಬ್ಯಾಡ್ರಿ ಮಾಸ್ತರ್ರ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ. ನಮ್ಮ ಗಂಗಿ ಈಗ ದಿನಾ ಒಂದು ಇಡೀ ಉಂಡಿ ತಿಂತಾಳ್ರಿ.”

ಸಮಾಧಾನ ಮಾಡಲೆಂದೇ ಅವಳು ಹಾಗೆ ಹೇಳಿದ್ದು. ಮಾಸ್ತರರು ಧಣಿಯ ಮನೆಗೆ ಎಷ್ಟು ಸಲ ಅಲೆದರೋ ನನಗೆ ಗೊತ್ತಿಲ್ಲ. ಪ್ರಯೋಜನವಾಗಲಿಲ್ಲ. ಆಮೇಲೆ ಅವರು ಯಾವ ಪ್ರಯೋಗವನ್ನೂ ಮಾಡಲಿಲ್ಲ. ಊರವರು ಬೇಕೆಂದೇ ಎದುರಿಗೆ ಬಂದು ಏನಾದರೊಂದು ಗಟ್ಟಿಯಾಗಿ ಹೇಳಿ ಕೆಣಕಿದರೆ, “ಇರಬಹುದು” ಎಂದು ನಡೆದುಬಿಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಮುಂದೆ ಅವರಿಗೆ ಹಿರೇಕೆರೂರಿನ ಕಡೆಗೆ ವರ್ಗವಾಯಿತು, ನನಗೆ ಶಿಗ್ಗಾಂವಿಗೆ.

ಕೊನೆಯ ಸಲ ಅವರನ್ನು ಕಂಡದ್ದು ಯಲವಿಗಿ ಸ್ಟೇಶನ್ನಿನಲ್ಲಿ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಪೆನ್ಶನ್ ಆಗಿ ದುಂಡಸಿಯಲ್ಲಿದ್ದರು, ಬಹಳ ಸೊರಗಿದ್ದರು. ಯಾವುದೋ ಕೆಲಸಕ್ಕೆ ಬಂದವರು ಹುಬ್ಬಳ್ಳಿಯ ಗಾಡಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಅವರನ್ನು ನಗಿಸೋಣವೆಂದು ನಾನು, “ಈಗ ಎಷ್ಟು ಊರಾಗ ಹುಡುಗೂರು ಸಾಲ್ಯಾಗ ಉಣ್ಣಾಕತ್ತಾರ ನೋಡ್ರಿ. ಅದರಾಗ ನಿಮ್ಮದೂ ಒಂದು ಪಾಲು ಐತಿ ಮಾಸ್ತರ” ಎಂದೆ.

“ಆ ಸುಳ್ಳು ಹೇಳಿದ್ದಕ್ಕ ನನಗ ಪಶ್ಚಾತ್ತಾಪ ಇಲ್ರಿ ಅಕ್ಕೋರ. ಮತ್ತ ಹೇಳಂದ್ರ ಮತ್ತ ಹೇಳ್ತೇನಿ” ಎಂದರು. ಹಳಿಯಾಚೆ ಗಾಡಿಗೆ ಸರಕು ಏರಿಸುವ ಕಟ್ಟೆಯ ಕಡೆ ಕೈ ಮಾಡಿದರು. “ಇವತ್ತ ಬಸ್ಯಾ ಸಿಕ್ಕಿದ್ದ. ಇಲ್ಲೇ ಮಾಲಧಕ್ಕೆದಾಗ ಹತ್ತಿ ಅಂಡಿಗಿ ಹೊರತಾನ. ನನ್ನ ಗುರ್ತ ಹಿಡದು ಓಡಿ ಬಂದು ಕಾಲಿಗೆ ಬಿದ್ದ. ಸಾಲಿ ನೆನಪ ಐತೇನೋ ಅಂದೆ. ‘ಹೂನ್ರಿ ಮಾಸ್ತರ್ರ, ನಮಗ ಉಂಡಿ ಕೊಡ್ತಿದ್ರಲ್ರಿ, ಭಾಳ ರುಚಿ ಇರ್ತಿತ್ತರಿ’ ಅಂದ. ನಾವು ಕೊಟ್ಟಿದ್ವಿ ಅಂತ ತಿಳದಾನ್ರಿ ಅವ. ಗಂಗಿ ಕೊಟ್ಟ ಅರ್ಧಾ ಅದು. ನಾವು ಅವಗ ಏನ ಕೊಟ್ಟಿದ್ವಿ?”

ಗಾಡಿ ಬಂತು. ನಾನು ಅವರ ಚೀಲ ಎತ್ತಿ ಕೊಟ್ಟೆ. ಕಿಟಕಿಯ ಬಳಿ ಕೂತು ಕಂಬಿ ಹಿಡಿದುಕೊಂಡು ನನ್ನ ಕಡೆ ಬಾಗಿದರು. ಕಣ್ಣು ತುಂಬಿದ್ದವು.

“ಅವ ನನಗ ಒಂದು ಮಾತು ಬೈದಿದ್ರ ಛಲೋ ಇತ್ರಿ, ಅಕ್ಕೋರ” ಎಂದರು.

ಗಾಡಿ ಹೊರಟಿತು. ಆ ವರ್ಷ ಶ್ರಾವಣದಲ್ಲಿ ಮಾಸ್ತರರು ತೀರಿಕೊಂಡರೆಂದು ನೀಲವ್ವ ಹೇಳಿ ಕಳಿಸಿದಳು.